ಕಡಲ ಕಡೆಗೆ ಬಾಗಿಲು ಮುಚ್ಚಿದ ಕಾಂಗೋ

ನದಿಯೊಂದು ಹುಟ್ಟಿದ ಬೆಟ್ಟಸೀಮೆಯಲ್ಲಿ ಧುಮುಕಿ, ಬಯಲಿಗೆ ಬಂದು ನಿಧಾನಗೊಂಡು, ಕಡಲ ಹತ್ತಿರ ಕವಲೊಡೆದು ಹೂಳಿನಿಂದ ಮುಖಜಭೂಮಿಯನ್ನು ಕಟ್ಟುತ್ತದೆ ಎಂಬುದು ಶಾಲೆಯ ಭೂಗೋಳ ಪಠ್ಯಗಳು ಕಲಿಸುವ ಕ್ರಮ. ಮಧ್ಯ ಆಫ್ರಿಕದ ಕಾಂಗೋ ನದಿ ಈ ಕ್ರಮಕ್ಕೆ ಒಳಪಡುವುದಿಲ್ಲ. ಅದರ ಮೇಲ್ಭಾಗದಲ್ಲೂ ಜಲಪಾತಗಳಿವೆಯಾದರೂ, ಖಂಡದ ನಡುವಿನ ತಗ್ಗಿನಲ್ಲಿ 1,700 ಕಿ.ಮೀ.ಗಳಷ್ಟು ದೂರ ಕೇವಲ ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತ ಸರೋವರದಂತೆ ಅಗಲವಾಗಿ ಸಾಗುವ ಈ ನದಿ, ಕಡಲು ಸಮೀಪಿಸಿದಾಗ, ಬೇರೆ ನದಿಗಳು ವಿಶ್ರಮಿಸುವ ಹಂತದಲ್ಲಿ, ಸುಮಾರು 350 ಕಿ.ಮೀ.ಗಳೊಳಗೆ 270 ಮೀಟರ್ ಕೆಳಕ್ಕೆ ನುಗ್ಗುತ್ತದೆ. ಒಳನಾಡಿನಲ್ಲಿ ಹೆದ್ದಾರಿಯಂತೆ ತೆರೆದುಕೊಂಡು ಕಡಲ ಬದಿಗೆ ಮುಚ್ಚಿಕೊಂಡ ಈ ರಚನೆಯನ್ನು ಗಮನದಲ್ಲಿ ಇಟ್ಟುಕೊಂಡರೆ ಆ ನದಿಯ ಜೀವಸಂಕುಲ, ಅದರ ದಡದ ಜನರು ಅನುಭವಿಸಿದ ಕ್ರೂರ ಇತಿಹಾಸ, ಅಲ್ಲಿನ ನಗರಗಳು ಇರುವ ಜಾಗ, ಇಂದಿನ ವಿದ್ಯುತ್ ಯೋಜನೆಗಳ ವಾದವಿವಾದ ಎಲ್ಲವೂ ಬಹುಮಟ್ಟಿಗೆ ಅರ್ಥವಾಗುತ್ತವೆ.

ಗಾತ್ರದ ವಿಷಯದಲ್ಲಿ ಕಾಂಗೋವನ್ನು ಮೀರಿಸುವ ನದಿ ಅಮೆಜಾನ್ ಒಂದೇ. ಕಾಂಗೋದ ಜಲಾನಯನ ಪ್ರದೇಶ, ಅಂದರೆ ಬಿದ್ದ ಮಳೆಯೆಲ್ಲ ಕೊನೆಗೆ ಈ ನದಿಗೇ ಬಂದು ಸೇರುವಂಥ ನೆಲ, ಸುಮಾರು 37 ಲಕ್ಷ ಚದರ ಕಿ.ಮೀ.ಗಳಷ್ಟಿದ್ದು ಇಡೀ ಭಾರತದ ವಿಸ್ತೀರ್ಣಕ್ಕಿಂತ ದೊಡ್ಡದು. ಕಾಂಗೋ ಎಂಬ ಹೆಸರು ಹೊತ್ತ ಎರಡು ದೇಶಗಳಲ್ಲದೆ ಮಧ್ಯ ಆಫ್ರಿಕ ಗಣರಾಜ್ಯ, ಕ್ಯಾಮರೂನ್, ಅಂಗೋಲ, ಜಾಂಬಿಯ, ತಾಂಜಾನಿಯ, ರ್ವಾಂಡ ಮತ್ತು ಬುರುಂಡಿಗಳು ಇದರಲ್ಲಿ ಪಾಲು ಹೊಂದಿವೆ. ಅತಿ ದೂರದ ಮೂಲದಿಂದ ಅಳೆದರೆ ನದಿಯ ಉದ್ದ ಸುಮಾರು 4,700 ಕಿ.ಮೀ.; ಆಫ್ರಿಕದಲ್ಲಿ ನೈಲ್ ಮಾತ್ರ ಇದಕ್ಕಿಂತ ಉದ್ದ. ಆದರೆ ಉದ್ದಕ್ಕಿಂತ ಹೆಚ್ಚಿನ ಸಂಗತಿ ನೀರಿನ ಪ್ರಮಾಣ. ಸೆಕೆಂಡಿಗೆ ಸರಾಸರಿ 41,000 ಘನ ಮೀಟರ್ ನೀರು ಕಾಂಗೋದಿಂದ ಅಟ್ಲಾಂಟಿಕ್ ಸಾಗರಕ್ಕೆ ಹೋಗುತ್ತದೆ. ಕರ್ನಾಟಕದ ಪತ್ರಿಕೆಗಳ ಅಳತೆಯಲ್ಲಿ ಹೇಳುವುದಾದರೆ ಇದು ಹದಿನಾಲ್ಕು ಲಕ್ಷ ಕ್ಯುಸೆಕ್‌ಗೂ ಹೆಚ್ಚು. ಕೃಷ್ಣರಾಜಸಾಗರದಿಂದ ಒಂದು ಲಕ್ಷ ಕ್ಯುಸೆಕ್ ಬಿಟ್ಟರೆ ಕಾವೇರಿ ದಡದ ಊರುಗಳಿಗೆ ಎಚ್ಚರಿಕೆ ಹೋಗುತ್ತದೆ ಎಂಬುದನ್ನು ನೆನೆದರೆ, ವರ್ಷದ ಸಾಧಾರಣ ದಿನವೊಂದರಲ್ಲಿ ಕಾಂಗೋ ಸಾಗಿಸುವ ನೀರಿನ ಅಂದಾಜು ಸಿಕ್ಕೀತು.

ಇಷ್ಟು ದೊಡ್ಡ ನದಿಗೆ ಒಂದೇ ಮೂಲವನ್ನು ಗೊತ್ತುಮಾಡುವುದು ಕಷ್ಟ. ಅತಿ ದೂರದ ತೊರೆಯಾದ ಚಾಂಬೇಶಿ ಜಾಂಬಿಯದ ಈಶಾನ್ಯ ಪ್ರಸ್ಥಭೂಮಿಯಲ್ಲಿ ಹುಟ್ಟಿ ಬಾಂಗ್ವೆಯುಲು ಸರೋವರದ ಸುತ್ತಲಿನ ಜೌಗಿನಲ್ಲಿ ಹರಡಿಕೊಳ್ಳುತ್ತದೆ. ಅಲ್ಲಿಂದ ಲುವಾಪುಲ ಎಂಬ ಹೆಸರಿನಲ್ಲಿ ಹೊರಟು, ಮ್ವೇರು ಸರೋವರವನ್ನು ದಾಟಿ, ಲುವುವ ಎಂಬ ಮೂರನೆಯ ಹೆಸರು ಹೊತ್ತು, ಕಟಾಂಗ ಪ್ರಾಂತದಿಂದ ಬರುವ ಲುವಾಲಾಬವನ್ನು ಕೂಡಿಕೊಳ್ಳುತ್ತದೆ. ನೀರಿನ ಪ್ರಮಾಣವನ್ನು ನೋಡುವವರು ಲುವಾಲಾಬವನ್ನೇ ಮುಖ್ಯ ನದಿಯೆಂದು ಎಣಿಸುತ್ತಾರೆ. ಪೂರ್ವದ ಬಿರುಕುಕಣಿವೆಯ ಸರೋವರಗಳ ನೀರೂ ಇದಕ್ಕೆ ಸೇರುತ್ತದೆ: ಕಿವು ಸರೋವರ ರುಜಿಜಿ ನದಿಯ ಮೂಲಕ ಟಾಂಗಾನ್ಯಿಕಕ್ಕೆ, ಟಾಂಗಾನ್ಯಿಕ ತನ್ನ ಒಂದೇ ಹೊರದಾರಿಯಾದ ಲುಕುಗ ನದಿಯ ಮೂಲಕ ಲುವಾಲಾಬಕ್ಕೆ ನೀರು ಕೊಡುತ್ತವೆ. ಲುವಾಲಾಬ ನೇರ ಉತ್ತರಕ್ಕೆ ಹರಿದು, ಸುಮಾರು ನೂರು ಕಿ.ಮೀ.ಗಳಲ್ಲಿ ಏಳು ಮೆಟ್ಟಿಲಾಗಿ ಇಳಿಯುವ ಬೊಯೋಮಾ ಜಲಪಾತಗಳನ್ನು ದಾಟಿ ಕಿಸಾಂಗಾನಿ ನಗರವನ್ನು ಮುಟ್ಟಿದ ಮೇಲೆ ಕಾಂಗೋ ಎನಿಸಿಕೊಳ್ಳುತ್ತದೆ. ಈ ಜಲಪಾತಗಳ ಕೊನೆಯಲ್ಲಿ ವಾಗೇನ್ಯ ಜನ ಭೋರ್ಗರೆಯುವ ನೀರಿನ ನಡುವೆಯೇ ಮರದ ಕಂಬಗಳ ಅಟ್ಟಣೆ ಕಟ್ಟಿ, ಶಂಕುವಿನಾಕಾರದ ದೊಡ್ಡ ಬುಟ್ಟಿಗಳನ್ನು ಪ್ರವಾಹಕ್ಕೆ ಎದುರಾಗಿ ಇಳಿಬಿಟ್ಟು ಮೀನು ಹಿಡಿಯುತ್ತಾರೆ. ಮಲೆನಾಡಿನ ಹಳ್ಳಗಳಿಗೆ ಒಡ್ಡುವ ಕೂಳಿಯ ತತ್ತ್ವವೇ ಇದು, ಆದರೆ ಅಲ್ಲಿ ಆಳೊಬ್ಬ ಒಳಗೆ ಕೂರುವಷ್ಟು ದೊಡ್ಡದು.

ಕಿಸಾಂಗಾನಿಯಿಂದ ಮುಂದೆ ನದಿ ಪಶ್ಚಿಮಕ್ಕೂ ಆಮೇಲೆ ನೈಋತ್ಯಕ್ಕೂ ಬಾಗಿ ದೊಡ್ಡ ಕಮಾನನ್ನು ರಚಿಸುತ್ತದೆ. ಹೀಗೆ ಅದು ಸಮಭಾಜಕ ವೃತ್ತವನ್ನು ಎರಡು ಬಾರಿ, ಕಿಸಾಂಗಾನಿಗೆ ಮೊದಲು ಒಮ್ಮೆ, ಆಮೇಲೆ ಇನ್ನೊಮ್ಮೆ ದಾಟುತ್ತದೆ. ಪ್ರಪಂಚದ ಬೇರೆ ಯಾವ ದೊಡ್ಡ ನದಿಯೂ ಹೀಗೆ ಮಾಡುವುದಿಲ್ಲ. ಇದು ನಕ್ಷೆಯ ಮೇಲಿನ ಸೋಜಿಗವಷ್ಟೇ ಆಗಿದ್ದರೆ ಹೆಚ್ಚು ಹೇಳಬೇಕಾಗಿರಲಿಲ್ಲ. ನದಿಯ ಸ್ವಭಾವವನ್ನೇ ನಿರ್ಧರಿಸಿದ್ದು ಈ ಸ್ಥಾನ. ಉಷ್ಣವಲಯದ ಮಳೆಪಟ್ಟಿ ಸೂರ್ಯನನ್ನು ಹಿಂಬಾಲಿಸಿ ವರ್ಷದಲ್ಲಿ ಒಮ್ಮೆ ಉತ್ತರಕ್ಕೆ, ಒಮ್ಮೆ ದಕ್ಷಿಣಕ್ಕೆ ಸರಿಯುತ್ತದೆ. ಉತ್ತರದ ಉಪನದಿಯಾದ ಉಬಾಂಗಿಯ ಸೀಮೆಯಲ್ಲಿ ಬಹುಪಾಲು ಮಳೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸುರಿದರೆ, ಅಂಗೋಲದಿಂದ ಬರುವ ಕಸಾಯಿಯ ಸೀಮೆಯಲ್ಲಿ ಅದು ಸುರಿಯುವುದು ಅಕ್ಟೋಬರ್‌ನಿಂದ ಮುಂದಿನ ಏಪ್ರಿಲ್–ಮೇವರೆಗೆ. ಒಂದು ಬದಿಯ ನೀರು ಇಳಿಯುವಾಗ ಇನ್ನೊಂದು ಬದಿಯದು ಏರುತ್ತದೆ. ನಡುವಣ ಕಾಡಿನಲ್ಲಂತೂ ಮಳೆ ಪೂರ್ತಿ ನಿಲ್ಲುವ ತಿಂಗಳೇ ಅಪರೂಪ. ಆದ್ದರಿಂದ ಕೆಳಹರಿವಿನ ಕಿನ್ಶಾಸಾ ನಗರದ ಬಳಿ ನದಿ ವರ್ಷಕ್ಕೆ ಎರಡು ಸಲ, ನವೆಂಬರ್–ಡಿಸೆಂಬರಿನಲ್ಲಿ ದೊಡ್ಡದಾಗಿಯೂ ಏಪ್ರಿಲ್–ಮೇನಲ್ಲಿ ಚಿಕ್ಕದಾಗಿಯೂ ತುಂಬಿ ಬರುತ್ತದೆಯೇ ಹೊರತು ಎಂದೂ ಬತ್ತುವುದಿಲ್ಲ. ಆಷಾಢದಲ್ಲಿ ಉಕ್ಕಿ ಬೇಸಿಗೆಯಲ್ಲಿ ಮರಳು ತೋರಿಸುವ ದಖನ್ನಿನ ನದಿಗಳನ್ನು ಕಂಡವರಿಗೆ, ಅತಿ ಹೆಚ್ಚಿನ ಹರಿವಿಗೂ ಅತಿ ಕಡಿಮೆ ಹರಿವಿಗೂ ಮೂರು ಪಟ್ಟಿನಷ್ಟೇ ಅಂತರವಿರುವ ಇಂಥ ನದಿ ನಂಬಲು ಕಷ್ಟವೆನಿಸೀತು. ಹಾಗೆಂದು ನೆರೆಯೇ ಇಲ್ಲವೆಂದಲ್ಲ: 2024ರ ಜನವರಿಯಲ್ಲಿ ನೀರಿನ ಮಟ್ಟ 1961ರ ನಂತರ ಕಾಣದ ಎತ್ತರಕ್ಕೆ ಏರಿ ಕಿನ್ಶಾಸಾದ ತಗ್ಗು ಬಡಾವಣೆಗಳನ್ನು ಮುಳುಗಿಸಿತು.

ಉಬಾಂಗಿ, ಸಾಂಗ, ಲುಲೋಂಗ, ರುಕಿ ಮೊದಲಾದ ಉಪನದಿಗಳು ಬಂದು ಸೇರುವ ನಡುತಗ್ಗಿಗೆ ಭೂಗೋಳಜ್ಞರು ಇಟ್ಟ ಫ್ರೆಂಚ್ ಹೆಸರು ‘ಕ್ಯುವೆಟ್ ಸೆಂತ್ರಾಲ್’, ನಡುವಣ ಬೋಗುಣಿ. ಅಮೆಜಾನಿನ ನಂತರ ಭೂಮಿಯ ಮೇಲಿನ ಅತಿ ದೊಡ್ಡ ಉಷ್ಣವಲಯದ ಮಳೆಕಾಡು ಈ ಬೋಗುಣಿಯನ್ನೂ ಅದರ ಅಂಚುಗಳನ್ನೂ ಆವರಿಸಿದೆ. ಇಲ್ಲಿ ಬೀಳುವ ಮಳೆಯ ದೊಡ್ಡ ಪಾಲು ಕಡಲಿನಿಂದ ನೇರವಾಗಿ ಬಂದದ್ದಲ್ಲ, ಕಾಡೇ ಎಲೆಗಳ ಮೂಲಕ ಗಾಳಿಗೆ ಬಿಟ್ಟ ತೇವ ಮತ್ತೆ ಮೋಡವಾಗಿ ಸುರಿದದ್ದು. ಕಾಡು ಕಡಿದರೆ ನದಿಗೆ ಏನಾಗುತ್ತದೆ ಎಂಬ ಪ್ರಶ್ನೆ ಹೀಗಾಗಿ ಮರಗಳ ಲೆಕ್ಕಕ್ಕೆ ಮುಗಿಯುವುದಿಲ್ಲ. ಕಾಡಿನ ನೆಲದಲ್ಲಿ ಕೊಳೆಯುವ ಎಲೆ, ಬೇರು, ತೊಗಟೆಗಳ ಕಷಾಯ ಬೆರೆತ ಉಪನದಿಗಳು ಕಪ್ಪುಚಹಾದ ಬಣ್ಣದವಾಗಿರುತ್ತವೆ; ರುಕಿಯಂತೂ ಲೋಕದ ಅತಿ ಕಪ್ಪು ನದಿಗಳ ಸಾಲಿಗೆ ಸೇರುತ್ತದೆ.

ಆದರೆ ಈ ತಗ್ಗಿನ ಅತಿ ದೊಡ್ಡ ಆಸ್ತಿ ಕಣ್ಣಿಗೆ ಕಾಣುವ ಮರಗಳಲ್ಲಿಲ್ಲ. ವರ್ಷವಿಡೀ ನೀರು ನಿಂತ ಜೌಗುನೆಲದಲ್ಲಿ ಗಾಳಿಯ ಸಂಪರ್ಕ ತಪ್ಪಿದ ಸಸ್ಯಗಳ ಅವಶೇಷ ಪೂರ್ತಿ ಕೊಳೆಯದೆ ಪದರಪದರವಾಗಿ ಕೂಡಿ ಕಪ್ಪು ಮಣ್ಣಿನಂಥ ವಸ್ತುವಾಗುತ್ತದೆ. ಇದನ್ನು ಪೀಟ್ ಎನ್ನುತ್ತಾರೆ. ಇದು ಕಲ್ಲಿದ್ದಲಿನ ಮೊದಲ ಹಂತವೆಂದರೂ ತಪ್ಪಾಗದು. ಕಾಂಗೋದ ನಡುತಗ್ಗಿನ ಪೀಟ್ ಎಷ್ಟೆಂಬುದರ ಮೊದಲ ನಕ್ಷೆ ಪ್ರಕಟವಾದದ್ದು 2017ರಲ್ಲಿ. ಬ್ರಿಟನ್ ಮತ್ತು ಕಾಂಗೋದ ವಿಜ್ಞಾನಿಗಳು ಸೊಂಟಮಟ್ಟದ ಜೌಗಿನಲ್ಲಿ ನಡೆದು ಮಾದರಿ ತೆಗೆದು, ಉಪಗ್ರಹ ಚಿತ್ರಗಳೊಂದಿಗೆ ಹೊಂದಿಸಿ, 1,45,500 ಚದರ ಕಿ.ಮೀ. ಪೀಟ್‌ಭೂಮಿಯಲ್ಲಿ ಸುಮಾರು 3,000 ಕೋಟಿ ಟನ್ ಇಂಗಾಲ ಅಡಗಿದೆ ಎಂದು ತೋರಿಸಿದರು. 2022ರ ಪರಿಷ್ಕೃತ ಅಧ್ಯಯನ ವಿಸ್ತಾರವನ್ನು 1,67,600 ಚದರ ಕಿ.ಮೀ.ಗೆ ಏರಿಸಿತು. ಉಷ್ಣವಲಯದ ಅತಿ ದೊಡ್ಡ ಪೀಟ್‌ಭೂಮಿಯೊಂದು ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದವರೆಗೆ ವಿಜ್ಞಾನದ ನಕ್ಷೆಗೇ ಬಂದಿರಲಿಲ್ಲ ಎಂಬುದು ಕಾಂಗೋವನ್ನು ಲೋಕ ಎಷ್ಟು ಅಲಕ್ಷ್ಯದಿಂದ ಕಂಡಿದೆ ಎಂಬುದಕ್ಕೂ ಸಾಕ್ಷಿ. ಅಲ್ಲಿಯ ಪೀಟ್ ಹತ್ತು ಸಾವಿರ ವರ್ಷಗಳ ಸಂಚಯ. ನೆಲ ಒಣಗಿದರೆ ಅದೇ ಇಂಗಾಲ ಗಾಳಿಗೆ ಮರಳುತ್ತದೆ, ಮತ್ತು ಹಿಂದೊಮ್ಮೆ, ಸಾವಿರಾರು ವರ್ಷಗಳ ಒಣಕಾಲದಲ್ಲಿ, ಮರಳಿಯೂ ಇತ್ತು ಎಂಬ ಗುರುತು ಪೀಟಿನ ಪದರಗಳಲ್ಲೇ ಸಿಕ್ಕಿದೆ. ಹೀಗಿರುವಾಗ 2022ರಲ್ಲಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಸರ್ಕಾರ ತೈಲ ಶೋಧನೆಗೆಂದು ಹರಾಜಿಗಿಟ್ಟ ಭೂಭಾಗಗಳಲ್ಲಿ ಕೆಲವು ಈ ಜೌಗಿನ ಮೇಲೂ ಬಿದ್ದುದು ದೊಡ್ಡ ವಿವಾದವಾಯಿತು. ಆ ಹರಾಜು 2024ರಲ್ಲಿ ರದ್ದಾಯಿತು. ಬಡದೇಶವೊಂದು ತನ್ನ ನೆಲದಡಿಯ ಸಂಪತ್ತನ್ನು ಜಗತ್ತಿನ ಹವೆಗಾಗಿ ಮುಟ್ಟದೆ ಬಿಡಬೇಕೆನ್ನುವವರು ಅದರ ಬೆಲೆಯನ್ನು ಕೊಡಲು ಸಿದ್ಧರಿದ್ದಾರೆಯೇ ಎಂಬ ಅಲ್ಲಿನವರ ಮರುಪ್ರಶ್ನೆ ಅನ್ಯಾಯದ್ದೇನಲ್ಲ.

ಅಗಲವಾದ ನದಿ ಪ್ರಾಣಿಗಳಿಗೆ ಗೋಡೆಯೂ ಆಗುತ್ತದೆ. ಚಿಂಪಾಂಜಿ ಮತ್ತು ಬೊನೊಬೊ ಎಂಬ ಎರಡು ವಾನರಗಳು ಹತ್ತಿರದ ಸಂಬಂಧಿಗಳು. ಎರಡಕ್ಕೂ ಈಜು ಬಾರದು. ಕಾಂಗೋದ ಕಮಾನಿನ ಉತ್ತರಕ್ಕೆ ಚಿಂಪಾಂಜಿ ಇದೆ, ದಕ್ಷಿಣಕ್ಕೆ ಮಾತ್ರ ಬೊನೊಬೊ ಇದೆ, ಬೊನೊಬೊ ಲೋಕದಲ್ಲಿ ಇನ್ನೆಲ್ಲೂ ಕಾಡುಪ್ರಾಣಿಯಾಗಿ ಸಿಗುವುದಿಲ್ಲ. ಅದರ ಮುಖ್ಯ ನೆಲೆಗಳಲ್ಲೊಂದಾದ ಸಲೋಂಗ ರಾಷ್ಟ್ರೀಯ ಉದ್ಯಾನ 1984ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇದೇ ಬೇರ್ಪಡಿಕೆ ನದಿಯ ಕೆಳಭಾಗದ ಮೀನುಗಳಲ್ಲಿ ಇನ್ನೂ ಸೂಕ್ಷ್ಮವಾಗಿ ನಡೆದಿದೆ. ಅಲ್ಲಿನ ನೀರಿನ ಸೆಳೆತ ಎಷ್ಟು ಬಲವಾದದ್ದೆಂದರೆ ಚಿಕ್ಕ ಮೀನು ಒಂದು ದಡದಿಂದ ಇನ್ನೊಂದಕ್ಕೆ ದಾಟಲಾರದು. ನೀರಿನಲ್ಲೇ ಬದುಕುವ ಜೀವಿಗೆ ನೀರೇ ಅಡ್ಡಗೋಡೆಯಾಗಿ, ಎದುರುಬದುರು ದಡದ ಮೀನುಗಳು ವಂಶವಾಹಿಗಳಲ್ಲಿ ಬೇರೆಬೇರೆಯಾಗುತ್ತ ಹೋಗಿವೆ. ಬೆಳಕು ತಲುಪದ ಆಳದಲ್ಲಿ ಕಣ್ಣು ಕಳೆದುಕೊಂಡು ಬಿಳಿಚಿದ ಲ್ಯಾಂಪ್ರೊಲೋಗಸ್ ಲೆಥಾಪ್ಸ್ ಎಂಬ ಪುಟ್ಟ ಮೀನು, ಗುಹೆಗಳಲ್ಲಿ ಸಿಗುವ ಕುರುಡು ಮೀನುಗಳಂತೆ, ತೆರೆದ ನದಿಯ ಅಡಿಯಲ್ಲಿ ಬಾಳುತ್ತಿದೆ.

ಆ ಆಳ ಎಷ್ಟು? ಕಿನ್ಶಾಸಾದ ಮೇಲ್ಗಡೆ ನದಿ ಹರಡಿಕೊಂಡು ಸುಮಾರು 35 ಕಿ.ಮೀ. ಉದ್ದದ ಮಲೇಬೊ ಎಂಬ ಕೆರೆಯಂಥ ವಿಸ್ತಾರವಾಗುತ್ತದೆ. ಅದರ ಬಾಯಿ ದಾಟಿದೊಡನೆ ಲಿವಿಂಗ್‌ಸ್ಟನ್ ಜಲಪಾತಗಳೆಂದು ಕರೆಯುವ ಮೂವತ್ತಕ್ಕೂ ಹೆಚ್ಚು ರಭಸಹರಿವುಗಳು, ಅಂದರೆ ನೆಟ್ಟಗೆ ಬೀಳದೆ ಬಂಡೆಗಳ ಮೇಲೆ ಇಳಿಜಾರಾಗಿ ನುಗ್ಗುವ ಪ್ರವಾಹದ ತುಂಡುಗಳು, ಒಂದರ ಹಿಂದೊಂದು ಬರುತ್ತವೆ. ಅಷ್ಟು ಅಗಲದ ನದಿ ಗಟ್ಟಿಶಿಲೆಯ ಇಕ್ಕಟ್ಟಿಗೆ ಸಿಕ್ಕಾಗ ಬದಿಗೆ ಹರಡಲಾರದೆ ಕೆಳಕ್ಕೆ ಕೊರೆಯುತ್ತದೆ. ಕೆಲವೆಡೆ 220 ಮೀಟರಿಗೂ ಹೆಚ್ಚಿನ ಆಳ ಅಳೆಯಲ್ಪಟ್ಟು, ಕಾಂಗೋ ಲೋಕದ ಅತಿ ಆಳದ ನದಿಯೆಂಬ ಖ್ಯಾತಿ ಪಡೆದಿದೆ. ಖಂಡದ ಅಂಚು ಮೇಲೆದ್ದು ಒಳನಾಡು ತಗ್ಗಾಗಿ ಉಳಿದದ್ದು ಈ ವಿಚಿತ್ರಕ್ಕೆ ಕಾರಣ. ನಡುತಗ್ಗು ಹಿಂದೆ ದೊಡ್ಡ ಸರೋವರವಾಗಿತ್ತು, ಕರಾವಳಿಯ ಕಡೆಯಿಂದ ಹಿಂದಕ್ಕೆ ಕೊರೆಯುತ್ತ ಬಂದ ಚಿಕ್ಕ ನದಿಯೊಂದು ಅದರ ದಂಡೆ ಒಡೆದು ನೀರನ್ನು ಪಶ್ಚಿಮಕ್ಕೆ ಸೆಳೆದುಕೊಂಡಿತು ಎಂಬ ಹಳೆಯ ವಾದವೂ ಉಂಟು. ಭೂವಿಜ್ಞಾನಿಗಳು ಅದರ ಬಗ್ಗೆ ಇನ್ನೂ ಒಂದು ಮಾತಿಗೆ ಬಂದಿಲ್ಲ.

ಕಡಲು ಮುಟ್ಟಿದ ಮೇಲೂ ನದಿ ಮುಗಿಯುವುದಿಲ್ಲ. ಗಂಗೆ, ನೈಲ್‌ಗಳಂತೆ ಮುಖಜಭೂಮಿಯನ್ನು ಕಟ್ಟುವ ಬದಲು ಕಾಂಗೋ ತನ್ನ ಅಳಿವೆಯೊಳಗಿಂದಲೇ ಆರಂಭವಾಗುವ ಸಾಗರತಳದ ಕಂದರವೊಂದಕ್ಕೆ ಹೂಳನ್ನು ಸುರಿಯುತ್ತದೆ. ಅಲ್ಲಿ ಕೂಡಿದ ಕೆಸರು ಆಗಾಗ ಕುಸಿದು, ನೀರಿಗಿಂತ ಭಾರವಾದ ಪ್ರವಾಹವಾಗಿ ಸಾಗರದ ತಳದಲ್ಲೇ ಹರಿಯುತ್ತದೆ. 2020ರ ಜನವರಿಯಲ್ಲಿ ಇಂಥ ಒಂದು ಕೆಸರುಪ್ರವಾಹ ಸಾವಿರಕ್ಕೂ ಹೆಚ್ಚು ಕಿ.ಮೀ. ಸಾಗಿ, ದಾರಿಯಲ್ಲಿ ಸಿಕ್ಕ ಸಂಪರ್ಕ ಕೇಬಲ್‌ಗಳನ್ನು ಕತ್ತರಿಸಿ ಪಶ್ಚಿಮ ಮತ್ತು ದಕ್ಷಿಣ ಆಫ್ರಿಕದ ಇಂಟರ್ನೆಟ್ಟನ್ನು ನಿಧಾನಗೊಳಿಸಿತು. ಅದರ ಹಿಂದಿನ ತಿಂಗಳು ನದಿಯಲ್ಲಿ ಬಂದಿದ್ದ ದೊಡ್ಡ ನೆರೆ ಇದಕ್ಕೆ ಪೂರ್ವಸಿದ್ಧತೆ ಮಾಡಿತ್ತೆಂದು ಸಂಶೋಧಕರು ಹೇಳುತ್ತಾರೆ.

ಪೋರ್ತುಗೀಸ್ ನಾವಿಕ ದಿಯೋಗೊ ಕಾವ್ 1480ರ ದಶಕದ ಆರಂಭದಲ್ಲೇ ನದಿಯ ಮುಖವನ್ನು ಮುಟ್ಟಿದ್ದ. ದಕ್ಷಿಣ ದಡದಲ್ಲಿ ಬಲವಾದ ಕೊಂಗೋ ರಾಜ್ಯವಿತ್ತು. ಪೋರ್ತುಗೀಸರು ಅದರೊಂದಿಗೆ ರಾಯಭಾರ, ಧರ್ಮಪ್ರಚಾರ, ಕೊನೆಗೆ ಗುಲಾಮರ ವ್ಯಾಪಾರ ಎಲ್ಲವನ್ನೂ ನಡೆಸಿದರು. ಆದರೂ ಮೊದಲ ರಭಸಹರಿವುಗಳ ಆಚೆ ಏನಿದೆಯೆಂಬುದು ಮುಂದಿನ ನಾಲ್ಕು ಶತಮಾನ ಯುರೋಪಿಗೆ ತಿಳಿಯಲಿಲ್ಲ. 1816ರಲ್ಲಿ ಬ್ರಿಟಿಷ್ ನೌಕಾಪಡೆಯ ಜೇಮ್ಸ್ ಟಕಿ ನಡೆಸಿದ ಶೋಧಯಾತ್ರೆ ಜಲಪಾತಗಳಲ್ಲೇ ಸೋತಿತು, ಅವನೂ ಅವನ ತಂಡದ ಅನೇಕರೂ ಜ್ವರಕ್ಕೆ ಬಲಿಯಾದರು. 1871ರಲ್ಲಿ ಪೂರ್ವದ ಕಡೆಯಿಂದ ಲುವಾಲಾಬವನ್ನು ಮುಟ್ಟಿದ ಶೋಧಕ ಡೇವಿಡ್ ಲಿವಿಂಗ್‌ಸ್ಟನ್ ಅದು ನೈಲ್ ನದಿಯ ಮೂಲವಿರಬೇಕೆಂದು ಆಶಿಸಿದ. ಆ ಗುಮಾನಿಯನ್ನು ಪರಿಹರಿಸಿದ್ದು ಅದೇ ನದಿಯನ್ನು ಹಿಡಿದು ಇಳಿದು 1877ರಲ್ಲಿ ಅಟ್ಲಾಂಟಿಕ್ ದಡದ ಸಮೀಪದ ಬೋಮಾಕ್ಕೆ ಬಂದ ಇನ್ನೊಬ್ಬ ಶೋಧಕ ಹೆನ್ರಿ ಮಾರ್ಟನ್ ಸ್ಟಾನ್ಲಿ. ದಡದ ಜನರಿಗೆ ತಮ್ಮ ನದಿ ಎಂದೂ ಅಜ್ಞಾತವಾಗಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸ್ಟಾನ್ಲಿಯ ವರದಿಯಿಂದ ಲಾಭ ಪಡೆದವನು ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೊಪೋಲ್ಡ್. ಜಲಪಾತಗಳ ಮೇಲ್ಗಡೆ ಉಗಿಹಡಗುಗಳು ಓಡಬಲ್ಲ ಸಾವಿರಾರು ಕಿ.ಮೀ. ಜಲಮಾರ್ಗವಿದೆ, ಅದರ ಬಾಗಿಲನ್ನು ದಾಟಬಲ್ಲವನಿಗೆ ಖಂಡದ ನಡುಭಾಗವೇ ಒಲಿಯುತ್ತದೆ ಎಂಬುದನ್ನು ಅವನು ಬೇಗ ಗ್ರಹಿಸಿದ. ಆಫ್ರಿಕದ ಮೇಲಿನ ಹಕ್ಕುಗಳನ್ನು ಯುರೋಪಿನ ದೇಶಗಳು ಚರ್ಚಿಸಿದ 1884–85ರ ಬರ್ಲಿನ್ ಸಮ್ಮೇಳನದ ಹೊತ್ತಿಗೆ ಈ ನೆಲಕ್ಕೆ ಸ್ವಂತ ಆಸ್ತಿಯೆಂಬಂತೆ ಮಾನ್ಯತೆ ಪಡೆದ. ಹಡಗುಗಳನ್ನು ಬಿಡಿಭಾಗಗಳಾಗಿ ಕಳಚಿ, ಆಫ್ರಿಕದ ಹಮಾಲರ ತಲೆಯ ಮೇಲೆ ಬೆಟ್ಟಗಳನ್ನು ದಾಟಿಸಿ, ಮಲೇಬೊದಲ್ಲಿ ಮತ್ತೆ ಜೋಡಿಸಲಾಗುತ್ತಿತ್ತು. ಈ ಹೊರೆ ತಪ್ಪಿಸಲು ಜಲಪಾತಗಳ ಕೆಳಗಿನ ಮತಾದಿ ಬಂದರಿನಿಂದ ಕಿನ್ಶಾಸಾಕ್ಕೆ 1890ರಲ್ಲಿ ಆರಂಭಿಸಿ 1898ರಲ್ಲಿ ಮುಗಿಸಿದ ರೈಲುದಾರಿಯ ಕೆಲಸದಲ್ಲಿ ಸತ್ತವರು ಅಧಿಕೃತ ಲೆಕ್ಕದಲ್ಲೇ ಸಾವಿರಕ್ಕೂ ಹೆಚ್ಚು. ಅದೇ ಕಾಲಕ್ಕೆ ಯುರೋಪಿನಲ್ಲಿ ಗಾಳಿ ತುಂಬುವ ಟೈರು ಬಂದು ರಬ್ಬರಿಗೆ ಬೇಡಿಕೆ ಏರಿತು. ಕಾಡುಬಳ್ಳಿಗಳಿಂದ ರಬ್ಬರ್ ತೆಗೆದು ತಂದುಕೊಡಬೇಕೆಂಬ ಬಲವಂತ, ಕೋಟಾ ತಪ್ಪಿದ ಹಳ್ಳಿಗಳಿಗೆ ಒತ್ತೆಯಾಳುತನ, ಕೈ ಕತ್ತರಿಸುವ ಶಿಕ್ಷೆ, ಕೊಲೆ ಇವೆಲ್ಲ ನದಿಯ ದಾರಿ ಹಿಡಿದೇ ಒಳಹೊಕ್ಕವು. ಈ ದೌರ್ಜನ್ಯಗಳ ಬಗ್ಗೆ ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟ್ ಕೊಟ್ಟ 1904ರ ವರದಿ ಮತ್ತು ಅದರ ಸುತ್ತಲಿನ ಆಂದೋಲನದ ಒತ್ತಡಕ್ಕೆ 1908ರಲ್ಲಿ ದೊರೆ ಆ ನೆಲವನ್ನು ಬೆಲ್ಜಿಯಮ್ ಸರ್ಕಾರಕ್ಕೆ ಒಪ್ಪಿಸಬೇಕಾಯಿತು. ಸ್ವಾತಂತ್ರ್ಯ ಬಂದದ್ದು 1960ರ ಜೂನ್ 30ರಂದು.

ವಸಾಹತುಶಾಹಿ ಹೋದರೂ ಬಂಡೆಗಳು ವಿಧಿಸಿದ ವ್ಯವಸ್ಥೆ ಹಾಗೆಯೇ ಉಳಿದಿದೆ. ಸಾಗರದ ಹಡಗು ಬರಬಹುದಾದ ಕೊನೆಯ ಜಾಗ ಮತಾದಿ. ನದಿಯ ಹಡಗು ಹೊರಡುವ ಮೊದಲ ಜಾಗ ಮಲೇಬೊ. ಅದರ ಎರಡು ದಡಗಳಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನರ ಕಿನ್ಶಾಸಾ ಮತ್ತು ಬ್ರಾಜಾವಿಲ್ ಎಂಬ ಎರಡು ದೇಶಗಳ ರಾಜಧಾನಿಗಳು ಮುಖಾಮುಖಿಯಾಗಿ ಬೆಳೆದಿವೆ. ಕಣ್ಣಳತೆಯಲ್ಲಿರುವ ಈ ನಗರಗಳ ನಡುವೆ ಸೇತುವೆಯಿಲ್ಲ, ದೋಣಿಯೇ ಗತಿ. ಕಿಸಾಂಗಾನಿಯಿಂದ ಕಡಲವರೆಗೆ ಇರುವ ಒಂದೇ ಸೇತುವೆ 1983ರಲ್ಲಿ ಮತಾದಿಯಲ್ಲಿ ಕಟ್ಟಿದ್ದು. ರಸ್ತೆಗಳು ಕಾಡಿನಲ್ಲಿ ಕರಗಿಹೋಗುವ ದೇಶದಲ್ಲಿ ದೋಣಿಗಳು ನೂಕುವ, ಬಾರ್ಜ್ ಎಂಬ ಚಪ್ಪಟೆ ಸರಕುಹಡಗುಗಳೇ ಬಸ್ಸು, ಸಂತೆ, ಗೋದಾಮು ಎಲ್ಲವೂ: ಹೊಗೆಯಲ್ಲಿ ಒಣಗಿಸಿದ ಮೀನು, ಮರಗೆಣಸು, ಹಂದಿ, ಮರದ ದಿಮ್ಮಿ, ಉಪ್ಪು, ಸಾಬೂನುಗಳೊಂದಿಗೆ ನೂರಾರು ಜನ ವಾರಗಟ್ಟಲೆ ಅವುಗಳ ಮೇಲೆಯೇ ಬದುಕುತ್ತಾರೆ. ಇದೇ ವ್ಯಾಪಾರದ ದಾರಿಯಲ್ಲಿ ಲಿಂಗಾಲ ಭಾಷೆ ದಡದಿಂದ ದಡಕ್ಕೆ ಹಬ್ಬಿ ಇಂದು ಕೋಟ್ಯಂತರ ಜನರ ನುಡಿಯಾಗಿದೆ. ರೋಗವೂ ದಾರಿ ಕಂಡಿತು: ಆಗ್ನೇಯ ಕ್ಯಾಮರೂನಿನ ಕಾಡಿನಲ್ಲಿ ಮನುಷ್ಯರಿಗೆ ದಾಟಿದ ಎಚ್‌ಐವಿ ವೈರಸ್ ನದಿಯ ಮೂಲಕ ಕಿನ್ಶಾಸಾಕ್ಕೆ ಬಂದು, 1920ರ ಸುಮಾರಿನಿಂದ ಅಲ್ಲಿ ಬೇರೂರಿ, ರೈಲು ಮತ್ತು ಹಡಗುಗಳೊಂದಿಗೆ ಹರಡಿತೆಂದು ವಂಶವಾಹಿ ಅಧ್ಯಯನಗಳು ಹೇಳುತ್ತವೆ. 1976ರಲ್ಲಿ ಗುರುತಿಸಿದ ಎಬೋಲಾ ರೋಗಕ್ಕೆ ಹೆಸರು ಬಂದದ್ದೂ ಈ ನದೀಜಾಲದ ಉತ್ತರದ ಒಂದು ಚಿಕ್ಕ ನದಿಯಿಂದ.

ಸಂಚಾರಕ್ಕೆ ಶಾಪವಾದ ಇಳಿತ ವಿದ್ಯುತ್ತಿಗೆ ವರ. ಮತಾದಿಯ ಮೇಲ್ಗಡೆ ಇಂಗಾ ಎಂಬಲ್ಲಿ ನದಿ ದೊಡ್ಡ ತಿರುವೊಂದರಲ್ಲಿ ಸುಮಾರು 96 ಮೀಟರ್ ಇಳಿಯುತ್ತದೆ. ಹರಿವು ವರ್ಷವಿಡೀ ಸ್ಥಿರವಾದ್ದರಿಂದ ನೀರು ಕೂಡಿಡಲು ಮಹಾ ಜಲಾಶಯವೂ ಬೇಕಿಲ್ಲ. ಈಗಿನ ಇಂಗಾ 1 (1972, 351 ಮೆಗಾವಾಟ್) ಮತ್ತು ಇಂಗಾ 2 (1982, 1,424 ಮೆಗಾವಾಟ್) ನದಿಗೆ ಅಡ್ಡಕಟ್ಟದೆ ನೀರಿನ ಒಂದು ಪಾಲನ್ನು ಪಕ್ಕದ ಒಣಕಣಿವೆಗೆ ತಿರುಗಿಸಿ ಕೆಲಸ ಮಾಡುತ್ತವೆ. ಪೂರ್ತಿ ಬಳಸಿಕೊಂಡರೆ ಇಲ್ಲಿ 40,000 ಮೆಗಾವಾಟ್ ಸಿಗಬಹುದೆಂಬ ಅಂದಾಜಿನ ಮೇಲೆ ‘ಗ್ರಾಂಡ್ ಇಂಗಾ’ ಯೋಜನೆಯ ಕನಸು ದಶಕಗಳಿಂದ ತೇಲುತ್ತಿದೆ. ಆದರೆ ಇರುವ ವಿದ್ಯುತ್ತಿನ ಕಥೆಯೇ ಉತ್ಸಾಹ ತಗ್ಗಿಸುವಂಥದು. 1980ರ ದಶಕದಲ್ಲಿ ಇಂಗಾದಿಂದ ಸುಮಾರು 1,700 ಕಿ.ಮೀ. ದೂರದ ಕೊಲ್ವೇಜಿಗೆ ಎಳೆದ ತಂತಿ ಕಟಾಂಗದ ತಾಮ್ರ ಮತ್ತು ಕೋಬಾಲ್ಟ್ ಗಣಿಗಳಿಗೆ ಶಕ್ತಿ ಕೊಡಲೆಂದೇ ಹಾಕಿದ್ದು, ದಾರಿಯ ಹಳ್ಳಿಗಳು ಅದನ್ನು ತಲೆಯ ಮೇಲೆ ಕಂಡವೇ ಹೊರತು ಮನೆಯೊಳಗೆ ಕಾಣಲಿಲ್ಲ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಐದನೆಯ ಒಂದು ಭಾಗದಷ್ಟು ಜನಕ್ಕೆ ಮಾತ್ರ ಇಂದಿಗೂ ವಿದ್ಯುತ್ ಸಂಪರ್ಕವಿದೆ. ಇಂಗಾದ ಮೂರನೆಯ ಹಂತಕ್ಕೆ ಕೊಡುತ್ತಿದ್ದ ನೆರವನ್ನು ವಿಶ್ವಬ್ಯಾಂಕ್ 2016ರಲ್ಲಿ ನಿಲ್ಲಿಸಿ, 2025ರಲ್ಲಿ ಸಿದ್ಧತಾ ಕಾರ್ಯಗಳಿಗಾಗಿ ಮತ್ತೆ ಹಣ ಮಂಜೂರು ಮಾಡಿತು. ಮಹಾಯೋಜನೆಯ ಕೊನೆಯ ಹಂತದಲ್ಲಿ ಪಕ್ಕದ ಬುಂಡಿ ಕಣಿವೆಯನ್ನು ಜಲಾಶಯವಾಗಿಸುವ ಪ್ರಸ್ತಾಪವಿದೆ, ಮತ್ತು ಪರಿಸರ ವಿಜ್ಞಾನಿಗಳ ಆತಂಕ ಇರುವುದು ಅಲ್ಲಿಯೇ: ಕಾಡಿನ ಸಾರವನ್ನು ಹೊತ್ತು ನೂರಾರು ಕಿ.ಮೀ. ದೂರದವರೆಗೆ ಅಟ್ಲಾಂಟಿಕ್‌ನ ಮೇಲ್ಮೈಯಲ್ಲಿ ಹರಡುವ ಸಿಹಿನೀರು ಆ ಸಾಗರಭಾಗದ ಸೂಕ್ಷ್ಮಸಸ್ಯಗಳನ್ನೂ ಅವುಗಳನ್ನು ನಂಬಿದ ಮೀನುಗಳನ್ನೂ ಪೋಷಿಸುತ್ತದೆ, ಹೂಳಿನ ಒಂದು ಪಾಲು ಕಣಿವೆಯಲ್ಲೇ ನಿಂತುಬಿಟ್ಟರೆ ಆ ಸರಪಳಿ ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ಕಟ್ಟುವ ಮೊದಲೇ ಅಳೆದು ನೋಡಬೇಕೆಂಬುದು ಅವರ ಬೇಡಿಕೆ.